ಪರರ ಶೋಕವೇ ಬಂಡವಾಳವಾದಾಗ

ವ್ಯಾಪಾರಕ್ಕೆ ಪ್ರಚಾರ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಂಗಡಿಯ ಮುಂದೆ ಹೆಸರಿನ ಹಲಗೆ ತೂಗುಹಾಕುವವನೂ ಪ್ರಚಾರಕನೇ, ಸಂತೆಯಲ್ಲಿ ಕೂಗಿ ಕರೆಯುವವನೂ ಪ್ರಚಾರಕನೇ. ಆದರೆ ಸರಕಿನ ಗುಣವನ್ನು ಹೇಳುವ ಬದಲು, ನೋಡುವವನನ್ನು ಬೆಚ್ಚಿಬೀಳಿಸಿ ತನ್ನ ಹೆಸರನ್ನು ಅವನ ನೆನಪಿನಲ್ಲಿ ನಾಟುವ ಪದ್ಧತಿಯೊಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಲವಾಗಿ ಬೆಳೆಯಿತು. ಇದನ್ನು ಬರಿಯ ಅಭಿರುಚಿಯ ಪ್ರಶ್ನೆಯೆಂದು ಎಣಿಸುವವರು ಅನೇಕರು. ಅಭಿರುಚಿ ಊರಿಗೊಂದು, ಕಾಲಕ್ಕೊಂದು. ಅದರ ಮೇಲೆ ತೀರ್ಪು ಕೊಡುವುದು ಕಷ್ಟ. ಹೇಳಿದ್ದು ನಿಜವೇ, ಯಾರ ದುಃಖವನ್ನು ಯಾರ ಅಪ್ಪಣೆಯಿಂದ ಬಳಸಿದರು ಎಂಬ ಪ್ರಶ್ನೆಗಳಿಗಾದರೆ ಉತ್ತರ ದೊರೆಯುತ್ತದೆ.

ಈ ಪದ್ಧತಿಗೆ ಹೆಸರಾದದ್ದು ಇಟಲಿಯ ಬೆನೆಟನ್ ಸಂಸ್ಥೆ. 1965ರಲ್ಲಿ ಸ್ಥಾಪಿತವಾಗಿ, ಬಣ್ಣಬಣ್ಣದ ಸ್ವೆಟರುಗಳಿಂದ ಪ್ರಸಿದ್ಧವಾದ ಈ ಉದ್ಯಮಕ್ಕೆ 1982ರಿಂದ 2000ದವರೆಗೆ ಜಾಹೀರಾತುಗಳನ್ನು ರೂಪಿಸಿದವರು ಛಾಯಾಗ್ರಾಹಕ ಒಲಿವಿಯೇರೋ ಟೊಸ್ಕಾನಿ. 2025ರ ಜನವರಿಯಲ್ಲಿ ಅವರು ತೀರಿಕೊಂಡರು. 1991ರಲ್ಲಿ, ಹೊಕ್ಕುಳಬಳ್ಳಿ ಕತ್ತರಿಸದ ರಕ್ತಸಿಕ್ತ ನವಜಾತ ಶಿಶುವಿನ ಚಿತ್ರವನ್ನು ಅವರು ಬೀದಿಯ ಫಲಕಗಳಿಗೆ ಏರಿಸಿದಾಗ ಬ್ರಿಟನ್ನಿನಲ್ಲಿ ನೂರಾರು ದೂರುಗಳು ಬಂದವು. ಜನನವು ಅಶ್ಲೀಲವೆಂದು ಯಾರೂ ಹೇಳಲಾರರು. ಸ್ವೆಟರಿಗೂ ಅದಕ್ಕೂ ಸಂಬಂಧವೇನೆಂಬುದನ್ನೂ ಯಾರೂ ಹೇಳಲಿಲ್ಲ.

ಮರುವರ್ಷದ ಚಿತ್ರ ಇನ್ನೂ ಗಂಭೀರವಾದದ್ದು. ಅಮೆರಿಕದ ಓಹಾಯೋ ರಾಜ್ಯದಲ್ಲಿ ಏಡ್ಸ್ ರೋಗದಿಂದ ಸಾಯುತ್ತಿದ್ದ ಡೇವಿಡ್ ಕರ್ಬಿ ಎಂಬ ಯುವಕನನ್ನು ತಂದೆ ಅಪ್ಪಿ ಹಿಡಿದು ಅಳುತ್ತಿರುವ ದೃಶ್ಯವದು. ತೆರೇಸ್ ಫ್ರೇರ್ ಎಂಬ ವಿದ್ಯಾರ್ಥಿನಿ ತೆಗೆದ ಈ ಕಪ್ಪುಬಿಳುಪು ಛಾಯಾಚಿತ್ರ 1990ರ ನವೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಪ್ರಕಟವಾಗಿತ್ತು. 1992ರಲ್ಲಿ ಬೆನೆಟನ್ ಅದಕ್ಕೆ ಬಣ್ಣ ತುಂಬಿಸಿ, ಅಂಚಿನಲ್ಲಿ ತನ್ನ ಹಸಿರು ಮುದ್ರೆಯನ್ನಿಟ್ಟು ಜಾಹೀರಾತಾಗಿಸಿತು. ಬಟ್ಟೆ ಮಾರಲು ಸಾವನ್ನು ಬಳಸುವುದೇ ಎಂದು ಎಷ್ಟೋ ಮಂದಿ ಕೆರಳಿದರು. ಕೆಲವು ಪತ್ರಿಕೆಗಳು ಪ್ರಕಟಿಸಲು ಒಪ್ಪಲಿಲ್ಲ. ಇಲ್ಲಿ ಅವಸರದ ಖಂಡನೆಗೆ ಅಡ್ಡಬರುವ ಸಂಗತಿಯೊಂದಿದೆ. ಡೇವಿಡ್‌ನ ತಂದೆತಾಯಿ ಈ ಬಳಕೆಗೆ ಸಮ್ಮತಿ ಕೊಟ್ಟಿದ್ದರು. ಸಂಸ್ಥೆ ತಮ್ಮನ್ನು ಬಳಸಿಕೊಂಡಿಲ್ಲ, ತಾವೇ ಸಂಸ್ಥೆಯನ್ನು ಬಳಸಿಕೊಂಡೆವು ಎಂಬುದು ಅವರ ನಿಲುವು. ರೋಗಿಗಳನ್ನು ಮನೆಯವರೇ ದೂರವಿಡುತ್ತಿದ್ದ ಆ ದಿನಗಳಲ್ಲಿ ಮಗನನ್ನು ಎದೆಗವಚಿಕೊಂಡ ತಂದೆಯನ್ನು ಲೋಕ ನೋಡಲೆಂಬುದು ಅವರ ಬಯಕೆ. ಅಭಿರುಚಿಗೆ ಪೆಟ್ಟು ಬಿದ್ದದ್ದು ನಿಜ. ಆದರೆ ಚಿತ್ರ ಸುಳ್ಳಲ್ಲ, ದುಃಖ ಕದ್ದದ್ದಲ್ಲ. ಅಂಚಿನ ಮುದ್ರೆಯೊಂದು ಇಲ್ಲದಿದ್ದರೆ ಅದನ್ನು ಸೇವೆಯೆಂದೇ ಕರೆಯಬಹುದಿತ್ತು.

2000ದಲ್ಲಿ ಅದೇ ಟೊಸ್ಕಾನಿ ಅಮೆರಿಕದ ಮರಣದಂಡನೆಯ ಕೈದಿಗಳ ಮುಖಗಳನ್ನು ಜಾಹೀರಾತಾಗಿಸಿದರು. ಮರಣದಂಡನೆ ತಪ್ಪೆಂಬ ಅವರ ಮತಕ್ಕೆ ಗೌರವವಿರಲಿ. ಆ ಕೈದಿಗಳಿಂದ ಹತರಾದವರ ಮನೆಯವರನ್ನು ಯಾರೂ ಕೇಳಿರಲಿಲ್ಲ. ಸಿಯರ್ಸ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆ ಬೆನೆಟನ್ ಉಡುಪುಗಳನ್ನು ಮಾರಾಟದಿಂದ ತೆಗೆಯಿತು. ಮಿಸ್ಸೂರಿ ರಾಜ್ಯ ಮೊಕದ್ದಮೆ ಹೂಡಿತು. 2001ರ ರಾಜಿಯಲ್ಲಿ ಬೆನೆಟನ್ ಆ ಕುಟುಂಬಗಳಿಗೆ ಕ್ಷಮಾಪಣೆಯ ಪತ್ರ ಬರೆದು, ಅಪರಾಧಕ್ಕೆ ಬಲಿಯಾದವರ ನಿಧಿಗೆ 50,000 ಡಾಲರು ಕೊಟ್ಟಿತು. ಟೊಸ್ಕಾನಿ 2000ದಲ್ಲಿಯೇ ಸಂಸ್ಥೆಯನ್ನು ಬಿಟ್ಟಿದ್ದರು.

ಭಾರತದಲ್ಲಿ ಈ ಪದ್ಧತಿ ಮುಟ್ಟಿದ ಎಲ್ಲೆ ಮತ್ತೊಂದು. 2024ರ ಫೆಬ್ರವರಿ 2ರಂದು ನಟಿ ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರೆಂಬ ಪ್ರಕಟಣೆ ಅವರದೇ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಬಂದಿತು. ಸುದ್ದಿಮನೆಗಳು ಅದನ್ನು ಬಿತ್ತರಿಸಿದವು, ಸಂತಾಪಗಳು ಹರಿದುಬಂದವು. ಮರುದಿನ ಅವರೇ ಕಾಣಿಸಿಕೊಂಡು, ತಾವು ಬದುಕಿರುವುದಾಗಿಯೂ ರೋಗದ ಅರಿವು ಮೂಡಿಸಲು ಹಾಗೆ ಮಾಡಿದ್ದಾಗಿಯೂ ತಿಳಿಸಿದರು. ಇದರಲ್ಲಿ ಕೈಜೋಡಿಸಿದ್ದ ಜಾಹೀರಾತು ಸಂಸ್ಥೆ ಕ್ಷಮೆ ಕೇಳಿತು. ಅದರೊಡನೆಯೇ, ಈ ರೋಗದ ಹೆಸರನ್ನು ಅಂತರ್ಜಾಲದಲ್ಲಿ ಅಪಾರ ಜನ ಹುಡುಕಿದರೆಂಬುದನ್ನು ಸಾಧನೆಯಾಗಿ ಮುಂದಿಟ್ಟಿತು. ಬೆಂಕಿ ಬಿತ್ತೆಂದು ಕೂಗಿದರೆ ಬೀದಿಯ ಜನವೆಲ್ಲ ಓಡಿಬರುತ್ತದೆ. ಹಾಗೆ ಬಂದವರ ತಲೆಯೆಣಿಸಿ ಗಿರಾಕಿಗಳೆಂದು ಲೆಕ್ಕ ಬರೆದುಕೊಳ್ಳುವ ವರ್ತಕನನ್ನು ಯಾವ ಪೇಟೆಯೂ ಕಂಡಿಲ್ಲ.

ಅರಿವಿನ ಮಾತನ್ನೇ ತೆಗೆದುಕೊಂಡರೂ ಆ ಸುಳ್ಳು ಕಲಿಸಿದ್ದೇನು? ಗರ್ಭಕಂಠದ ಕ್ಯಾನ್ಸರು ಒಂದೇ ರಾತ್ರಿಯಲ್ಲಿ ಕೊಂಡೊಯ್ಯುವ ರೋಗವಲ್ಲ. ಎಚ್‌ಪಿವಿ ಎಂಬ ವೈರಾಣುವಿನ ಸೋಂಕು ದೇಹದಲ್ಲಿ ಉಳಿದು, ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥದು. ಆದುದರಿಂದಲೇ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡರೆ ಮೊದಲೇ ಪತ್ತೆಯಾಗುತ್ತದೆ, ಪತ್ತೆಯಾದರೆ ಗುಣಪಡಿಸಲು ಸಾಧ್ಯವಾಗುತ್ತದೆ. ಸೋಂಕನ್ನು ತಡೆಯಲು ಲಸಿಕೆಯೂ ಇದೆ. ಹಿಂದಿನ ದಿನ, ಫೆಬ್ರವರಿ 1ರಂದು, ಕೇಂದ್ರದ ಮಧ್ಯಂತರ ಮುಂಗಡಪತ್ರದಲ್ಲಿ 9ರಿಂದ 14 ವರ್ಷದ ಬಾಲಕಿಯರಿಗೆ ಈ ಲಸಿಕೆಯನ್ನು ಪ್ರೋತ್ಸಾಹಿಸುವ ಮಾತು ಬಂದಿತ್ತು. ತಾಯಂದಿರಿಗೆ ಮುಟ್ಟಿಸಬೇಕಾದ ಭರವಸೆಯ ವಿಷಯ ಅದು. ಮುಟ್ಟಿದ್ದು, ಹಠಾತ್ತಾದ ಮರಣದ ಭಯ. ಮನೆಯಲ್ಲಿ ಅದೇ ಕಾಯಿಲೆಯ ರೋಗಿಯಿದ್ದು, ಆ ರಾತ್ರಿ ಸುದ್ದಿ ಓದಿ ಮಲಗಿದವರಿಗೆ ಮರುದಿನದ ಸ್ಪಷ್ಟೀಕರಣ ಏನನ್ನು ಹಿಂದಿರುಗಿಸೀತು?

ಭಾರತದ ಜಾಹೀರಾತು ಮಾನದಂಡ ಮಂಡಳಿ 1985ರಲ್ಲಿ ಸ್ಥಾಪಿತವಾಯಿತು. ಅಂತರ್ಜಾಲದ ಪ್ರಭಾವಿಗಳು ಪ್ರಚಾರದ ಬರಹಕ್ಕೆ ಪ್ರಚಾರವೆಂಬ ಗುರುತು ಹಾಕಬೇಕೆಂದು 2021ರಲ್ಲಿ ಅದು ಸೂಚಿಸಿತು. ಆ ಮರಣವಾರ್ತೆಯ ಕೆಳಗೆ ಅಂಥ ಗುರುತೊಂದನ್ನು ಹಾಕಿದ್ದರೆ ಒಂದು ಸಂತಾಪವೂ ಬರುತ್ತಿರಲಿಲ್ಲ. ನಟಿ ತಾನು ಬದುಕಿರುವುದಾಗಿ ತಿಳಿಸಿದ ಮರುದಿನ ಫೆಬ್ರವರಿ 4, ವಿಶ್ವ ಕ್ಯಾನ್ಸರ್ ದಿನ.