ಶೀಘ್ರ ಭಾಗಾಕಾರ

ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳಿಗಿಂತ ಭಾಗಿಸುವ ಲೆಕ್ಕವು ಬಾಲಕರಿಗೆ ಕಠಿಣವೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಗಣಕಯಂತ್ರದ ಪಾಡೂ ಅದೇ ಎಂಬುದು ಸೋಜಿಗವಾದರೂ ನಿಜ. ಗುಣಾಕಾರವನ್ನು ಅದು ಬೇಗನೆ ಮುಗಿಸುವುದು. ಭಾಗಾಕಾರಕ್ಕೆ ಹೆಚ್ಚು ಕಾಲ ಹಿಡಿಯುವುದು. ಈ ಶ್ರಮವನ್ನು ತಗ್ಗಿಸುವ ಆಸೆ ಹೊಸದೇನಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ, ಭಾಜ್ಯ ಭಾಜಕಗಳಲ್ಲಿ ಸಮಾನವಾಗಿರುವ ಅಪವರ್ತನವನ್ನು ತೆಗೆದು ಭಾಗಿಸುವ ಕ್ರಮವನ್ನು ಹೇಳಿರುವನು.

ಕುರುಗೋಡಿನವನಾದ ನಮ್ಮ ಹಳೆಯ ಶಿಷ್ಯನೊಬ್ಬನಿಗೆ ಗಣಕಯಂತ್ರದ ಪ್ರೋಗ್ರಾಮುಗಳನ್ನು ಬರೆಯುವುದೇ ವೃತ್ತಿ. ಅವನು ಈಚೆಗೆ ಬಳ್ಳಾರಿಯ ನಮ್ಮ ಮನೆಗೆ ಬಂದು, ಸಿರುಗುಪ್ಪದ ಮೂವರು ಪಾಲುದಾರರ ಭತ್ತದ ಲೆಕ್ಕಕ್ಕಾಗಿ ತಾನು ಯೋಜಿಸಿದ ಶೀಘ್ರೋಪಾಯವನ್ನು ಪರೀಕ್ಷಿಸಬೇಕೆಂದು ಕೇಳಿಕೊಂಡನು. ಯಂತ್ರವು ಎರಡರ ಘಾತಗಳಿಂದ ಮಾಡುವುದನ್ನು ನಮಗಾಗಿ ಹತ್ತರ ಘಾತದಲ್ಲಿ ತೋರಿಸಿದನು: 3ರಿಂದ ಭಾಗಿಸುವ ಬದಲು 334ರಿಂದ ಗುಣಿಸಿ, ಕಡೆಯ ಮೂರು ಅಂಕಗಳನ್ನು ಬಿಡತಕ್ಕದ್ದು. 100ಕ್ಕೆ 33,400 ಬಂದಿತು, ಭಾಗಲಬ್ಧ 33. ಸರಿಯೇ.

"ಒಂದರಿಂದ ನಾನೂರರವರೆಗೆ ನೋಡಿದ್ದೇನೆ, ಗುರುಗಳೇ, ಎಲ್ಲಿಯೂ ತಪ್ಪಿಲ್ಲ" ಎಂದನು.

"ಅದರ ಮುಂದೆ, ತಮ್ಮಾ?" ಎಂದು ಕೇಳಿದೆವು.

334 ಎಂಬುದು ಸಾವಿರದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಭಾಜ್ಯವು ಬೆಳೆದಂತೆ ಈ ಹೆಚ್ಚಳವೂ ಬೆಳೆಯುವುದು; ಶೇಷ 2 ಉಳಿಯುವ ಸಂಖ್ಯೆಯಲ್ಲಿ ಮೊದಲು ಬಯಲಾಗುವುದು. 499ರವರೆಗೆ ಉತ್ತರವು ನಿರ್ದುಷ್ಟ. 500ಕ್ಕೆ ಗುಣಲಬ್ಧ 1,67,000. ಆದುದರಿಂದ ಭಾಗಲಬ್ಧ 167. ನಿಜವಾದುದು 166, ಶೇಷ 2. ಮೂವರಿಗೂ 167 ಚೀಲಗಳಂತೆ ಕೊಡಲು 501 ಬೇಕು! ಇಲ್ಲದ ಒಂದು ಚೀಲಕ್ಕಾಗಿ ಬಹುಕಾಲದ ಸ್ನೇಹವೇ ಕೆಡಬಹುದು. 3,334ರಿಂದ ಗುಣಿಸಿ ನಾಲ್ಕು ಅಂಕಗಳನ್ನು ಬಿಟ್ಟರೆ 4,999ರವರೆಗೆ ಬಾಧೆಯಿಲ್ಲ. 5,000ದಲ್ಲಿ ಮತ್ತೆ ಅದೇ ದೋಷ.

ಇಂತಹ ಗುಣಕವು ಎಲ್ಲಿಯವರೆಗೆ ಸಲ್ಲುವುದೆಂಬ ನಿಯಮವನ್ನು 1994ರಲ್ಲಿ ಗ್ರಾನ್‌ಲುಂಡ್ ಮತ್ತು ಮಾಂಟ್ಗೊಮರಿ ಎಂಬವರು ಸಾಧಿಸಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಗಣಿತಾಧ್ಯಾಪಕ ಥಾಮಸ್ ನೈಸ್ಲಿಯವರು ಪೆಂಟಿಯಂ ಗಣಕದ ದಶಾಂಶ ಭಾಗಾಕಾರದಲ್ಲಿ ದೋಷವನ್ನು ಕಂಡುಹಿಡಿದರು. ಭಾಗಾಕಾರವು ಬೇಗನೆ ಸಾಗಲೆಂದು ಇಟ್ಟಿದ್ದ ಕೋಷ್ಟಕದಲ್ಲಿ ಕೆಲವು ಅಂಕಗಳು ಬಿಟ್ಟುಹೋಗಿದ್ದುವು. ಅಷ್ಟರಿಂದ ಆ ಸಂಸ್ಥೆಗೆ ನಲವತ್ತೇಳೂವರೆ ಕೋಟಿ ಡಾಲರುಗಳ ವೆಚ್ಚ ತಗಲಿತು.

ವೇಗವು ಬೇಡವೆಂದು ನಾವು ಹೇಳುವುದಿಲ್ಲ. ಅದರ ಎಲ್ಲೆಯನ್ನು ಮೊದಲೇ ಬರೆದಿಡಬೇಕು. ಗೃಹಸ್ಥರಿಗೂ ಸುಲಭವಾದ ಪರೀಕ್ಷೆಯೊಂದುಂಟು: ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷವನ್ನು ಕೂಡಿದರೆ ಭಾಜ್ಯವೇ ಬರಬೇಕು, ಶೇಷವು ಭಾಜಕಕ್ಕಿಂತ ಕಿರಿದಾಗಿರಬೇಕು. ಇವೆರಡೂ ಸಂದಲ್ಲಿ ಮಾತ್ರ ಲೆಕ್ಕವನ್ನು ನಂಬಬಹುದು, ಅದನ್ನು ಮಾಡಿದವನು ಮನುಷ್ಯನಾಗಲಿ, ಯಂತ್ರವಾಗಲಿ.