ಕಬ್ಬಿನೊಳಗಿನ ಇಲಿಗೆ ಪ್ರೋಟೀನ್ ಎಲ್ಲಿಂದ?

ಚಿಕ್ಕೋಡಿ ತಾಲೂಕಿನ ಅಂಕಲಿ ಕೃಷ್ಣಾ ತೀರದ ಊರು. ಈ ಕಡೆ ಬರುವವರು ಹೆಚ್ಚಾಗಿ ಯಡೂರಿನ ವೀರಭದ್ರನ ದರ್ಶನ ಮುಗಿಸಿ, ಹೊಳಿ ನೋಡಿ, ಒಂದು ಸೆಲ್ಫಿ ತೆಗೆದು ಹೋಗುತ್ತಾರೆ. ಅವರ ಫೋಟೋದ ಹಿಂದೆ ಹಸಿರಾಗಿ ಕಾಣುವುದೆಲ್ಲ ಕಬ್ಬು. ಆ ಕಬ್ಬಿನ ಬುಡದಲ್ಲಿ ಇನ್ನೊಂದು ಊರಿದೆ, ಇಲಿಗಳದ್ದು. ಈ ಸಲ ರಜೆಗೆ ಹೋದಾಗ ನಾನು ನೋಡಿದ್ದು ಆ ಊರು.

ಕಾಕಾ ಹೊಲದೊಳಗೆ ಕರೆದುಕೊಂಡು ಹೋಗಿ ಒಂದು ಗಳ ಬಗ್ಗಿಸಿ ತೋರಿಸಿದರು. "ನೋಡ್ ತಮ್ಮಾ, ಕೆಳಗಿಂದೆಲ್ಲ ಕಡದು ಹಾಕ್ಯಾವ. ಗಾಳಿ ಬಿಟ್ರ ಮಲಗಿಬಿಡ್ತದ. ಹೋದ ವರ್ಷ ಪಾಷಾಣ ಇಟ್ರ ಇಲಿ ಮುಟ್ಲೇ ಇಲ್ಲ. ನಮ್ಮ ನಾಯಿ ಹೋತು."

ಇಲಿ ಯಾಕೆ ಮುಟ್ಟಲಿಲ್ಲ? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಡೇಟಾ ಪ್ರಶ್ನೆ. ಇಲಿಯ ಎದುರು ಆಗಲೇ ಏನು ಊಟವಿತ್ತು ಅನ್ನುವುದು ಗೊತ್ತಾಗಬೇಕು.

ಕಬ್ಬು ಅಂದರೆ ಬರೀ ಸಕ್ಕರೆ. ಶಕ್ತಿ ಬೇಕಾದಷ್ಟು, ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಂಜೆ ಚಹಾ–ಬಿಸ್ಕಿಟ್ ಮೇಲೆ ದಿನ ತಳ್ಳುವ ನಮ್ಮಂಥವರ ಡಯಟ್ ಇದ್ದಂತೆ. ಮರಿ ಹಾಕಿ ಹಾಲೂಡಿಸುವ ಹೆಣ್ಣಿಲಿಗೆ ಇದು ಸಾಲದು. ಅದಕ್ಕೆ ಹುಲ್ಲಿನ ಬೀಜ, ಹುಳ, ಪಕ್ಕದ ಹೊಲದ ಶೇಂಗಾ, ಸೋಯಾಬೀನ್ ಬೇಕು.

ಕಾಡು, ಹೊಲಗಳಲ್ಲಿ ಇಲಿಯ ಊಟದ ಗುಣಮಟ್ಟ ಅಳೆಯಲು ವಿಜ್ಞಾನಿಗಳ ಹತ್ತಿರ ಹಲವು ದಾರಿಗಳಿವೆ. ಒಂದು, ಹಿಕ್ಕೆ. ಅದರಲ್ಲಿರುವ ಸಾರಜನಕ ಅಳೆದರೆ ತಿಂದದ್ದರಲ್ಲಿ ಪ್ರೋಟೀನ್ ಎಷ್ಟಿತ್ತು ಅನ್ನುವ ಅಂದಾಜು ಸಿಗುತ್ತದೆ. ಅದೇ ಹಿಕ್ಕೆಯ ಡಿಎನ್‌ಎ ನೋಡಿದರೆ ಯಾವ ಗಿಡ, ಯಾವ ಹುಳ ಅನ್ನುವುದು ತಿಳಿಯುತ್ತದೆ. ಇನ್ನೊಂದು, ಕೂದಲು. ಕಬ್ಬು, ಜೋಳ, ಗೋವಿನಜೋಳದ ಇಂಗಾಲದ ಗುರುತು ಸುಮಾರು ಮೈನಸ್ 12ರ ಆಸುಪಾಸು. ಶೇಂಗಾ, ಸೋಯಾಬೀನ್‌ನದು ಮೈನಸ್ 27ರ ಆಸುಪಾಸು. ಕೂದಲು ಬೆಳೆದ ವಾರಗಳಲ್ಲಿ ಇಲಿ ಯಾವ ಗುಂಪಿನದು ಹೆಚ್ಚು ತಿಂದಿತ್ತು ಅನ್ನುವ ಲಾಗ್ ಫೈಲ್ ಅದರಲ್ಲೇ ಇರುತ್ತದೆ. ಆದರೆ ಕಬ್ಬು ತಿಂದಿತೋ ಗೋವಿನಜೋಳವೋ ಅಂತ ಕೂದಲು ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೇ ಒಂದೇ ಅಳತೆಯನ್ನು ನಂಬುವ ಹಾಗಿಲ್ಲ.

ಇದನ್ನೆಲ್ಲ ಕೇಳಿ ಕಾಕಾ ನಕ್ಕರು. "ಲಕ್ಷಗಟ್ಲೆ ಖರ್ಚ್ ಮಾಡಿ ಇಂಜಿನಿಯರ್ ಮಾಡಿದ್ರ, ಹಿಕ್ಕಿ ನೋಡಿ ಊಟ ಹೇಳಾಂವ ಆಗೀಯಲ್ಲೋ!"

ಲ್ಯಾಬ್ ಇಲ್ಲದೆಯೂ ಆಗುವ ಲೆಕ್ಕವೊಂದಿದೆ. ಸಂಜೆ ಕಂಡ ಬಿಲಗಳನ್ನೆಲ್ಲ ಮಣ್ಣಿನಿಂದ ಮುಚ್ಚಬೇಕು. ಬೆಳಿಗ್ಗೆ ತೆರೆದಿದ್ದರೆ ಒಳಗೆ ಇಲಿ ಇದೆ ಅಂತ ಅರ್ಥ. ಮಾಡಿ ನೋಡಿದೆವು. ಕಬ್ಬಿನ ನಡುವಿಗಿಂತ ಶೇಂಗಾ ಹೊಲದ ಕಡೆಯ ಬದುವಿನಲ್ಲೇ ಹೆಚ್ಚು ಬಿಲ ತೆರೆದಿದ್ದವು. ಹುಲ್ಲು ಮೊಣಕಾಲೆತ್ತರ ಬೆಳೆದಿದ್ದೂ ಅಲ್ಲೇ.

ಪಾಷಾಣ ಸೋತದ್ದರ ಕಾರಣ ಅಲ್ಲಿಯೇ ಇರಬೇಕು. ಹೊಲದಲ್ಲಿ ಕಾಳು ತುಂಬಿರುವಾಗ ಇಲಿಗೆ ನಮ್ಮ ಹಿಟ್ಟು ಯಾಕೆ ಬೇಕು? ರುಚಿ ನೋಡಿ ಹೊಟ್ಟೆ ಕೆಟ್ಟ ಇಲಿಯಂತೂ ಮತ್ತೆ ಅದರ ಹತ್ತಿರ ಬರುವುದಿಲ್ಲ. ಹಾಗಾಗಿಯೇ ಮೊದಲು ಕೆಲವು ದಿನ ಬರೀ ಕಾಳಿಟ್ಟು ರೂಢಿ ಮಾಡಿಸಬೇಕು ಅನ್ನುತ್ತಾರೆ ತಿಳಿದವರು. ಕಾಳು ಕಟ್ಟುವ ಮೊದಲೇ, ಮರಿಗಳು ಹೆಚ್ಚುವ ಮೊದಲೇ ಇದೆಲ್ಲ ಮುಗಿದಿರಬೇಕು. ಬದುವಿನ ಹುಲ್ಲು ತೆಗೆದರೆ ಊಟವೂ ಕಡಿಮೆ, ಅಡಗುವ ಜಾಗವೂ ಕಡಿಮೆ.

2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಈ ಭಾಗದ ಹೊಲಗಳೆಲ್ಲ ನೀರಲ್ಲಿ ನಿಂತಿದ್ದವು. ಅಂಥದ್ದನ್ನು ದಾಟಿ ಬಂದ ರೈತನಿಗೆ ಇಲಿ ಸಣ್ಣ ತೊಂದರೆ ಅನ್ನಿಸಬಹುದು. ಆದರೆ ಕಾರ್ಖಾನೆಯಲ್ಲಿ ತೂಗುವುದು ಹೊರೆಯ ತೂಕವನ್ನು. ಒಣಗಿ ಬಿದ್ದ ಗಳಕ್ಕೆ ಅಲ್ಲಿ ಬೆಲೆಯಿಲ್ಲ.

ಒಬ್ಬರೇ ಮಾಡಿದರೆ ಪಕ್ಕದ ಹೊಲದ ಇಲಿ ಬರುತ್ತದೆ. ನಾನು ಬೆಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ಕಾಕಾ ಬದುವಿನ ಆಚೆಗಿನವರ ಜೊತೆ ಹುಲ್ಲು ಕೊಯ್ಯುವ ದಿನ ಗೊತ್ತು ಮಾಡುತ್ತಿದ್ದರು. ಪಾಷಾಣದ ಮಾತು ಆಮೇಲೆ ಅಂದರು.