ಕಣ್ಣು ಕಾಯುವ ಕನ್ನಡಕ

ಸೈಕಲ್ಲು ಬಡವರ ವಾಹನವೆಂದು ಇನ್ನೂ ನಂಬಿರುವವರು ಈಚೆಗೆ ಸೈಕಲ್ ಅಂಗಡಿಯೊಳಗೆ ಕಾಲಿಟ್ಟಿಲ್ಲವೆಂದೇ ತಿಳಿಯಬೇಕು. ಸೈಕಲ್ಲಿನ ಬೆಲೆಯ ಮಾತು ಹಾಗಿರಲಿ. ಅದನ್ನು ಏರುವವನ ತಲೆಗೆ, ಕೈಗೆ, ಕಾಲಿಗೆ, ಕಡೆಗೆ ಕಣ್ಣಿಗೆ ಬೇಕೆಂದು ಹೇಳುವ ಸಾಮಗ್ರಿಗಳನ್ನು ಕಂಡರೆ, ಸವಾರನನ್ನು ಸಿಂಗರಿಸುವುದಕ್ಕೇ ಸೈಕಲ್ಲು ಹುಟ್ಟಿತೋ ಎಂಬ ಸಂದೇಹ ಬರುತ್ತದೆ. ಗಾಜಿನ ಕಪಾಟಿನೊಳಗೆ, ಒಡವೆಗೆ ಹಾಕುವಂತೆ ದೀಪ ಹಾಕಿ ಕೂರಿಸಿದ ಸವಾರಿ ಕನ್ನಡಕದ ಬೆಲೆ ೧೮,೦೦೦ ರೂಪಾಯಿ. ಅದೇ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಹಲಗೆಗೆ ಸಿಕ್ಕಿಸಿಟ್ಟ, ದೂರದಿಂದ ಅದರ ಅವಳಿ ತಮ್ಮನಂತೆಯೇ ಕಾಣುವ ಕನ್ನಡಕದ ಬೆಲೆ ೧೫೦ ರೂಪಾಯಿ. ಇವೆರಡರ ನಡುವಿನ ೧೭,೮೫೦ ರೂಪಾಯಿ ಯಾವುದಕ್ಕೆ ಸಲ್ಲುತ್ತದೆ?

ಕಾಲ ಕಳೆಯುವುದಕ್ಕೆಂದು ಎತ್ತಿದ ಪ್ರಶ್ನೆಯಲ್ಲ ಇದು. ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ೮ ಕಿಲೋಮೀಟರ್ ದೂರವನ್ನು ನಾನು ಸೈಕಲ್ಲಿನಲ್ಲಿಯೇ ಹೋಗಿಬರುವವನು. ಕಳೆದ ವರ್ಷ ಕಣ್ಣು ಪದೇ ಪದೇ ಕೆಂಪಾಗತೊಡಗಿತು. ಡಾಕ್ಟರು ದೀಪ ಹಿಡಿದು ನೋಡಿ, ಬಿಳಿಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ಸಣ್ಣದೊಂದು ಪೊರೆ ಹೊರಟಿದೆ ಎಂದರು. ವಯಸ್ಸಾದವರ ಕಣ್ಣಿನೊಳಗೆ ಕಟ್ಟುವ ಪೊರೆಯಲ್ಲ. ಮೇಲೆ ಹಬ್ಬುವ ತೆಳುಮಾಂಸದ ಪೊರೆ. ವೈದ್ಯರ ಭಾಷೆಯಲ್ಲಿ ಟೆರಿಜಿಯಂ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಪುಟ್ಟ ರೆಕ್ಕೆ ಎಂದರ್ಥವಂತೆ. ಬಿಸಿಲು, ದೂಳು, ಗಾಳಿ ಈ ಮೂರೂ ಅದಕ್ಕೆ ಗೊಬ್ಬರ.

ಆ ರೆಕ್ಕೆಯನ್ನು ನಾನು ಮೊದಲೇ ಬಲ್ಲೆ. ನಮ್ಮ ತಂದೆಯ ಎರಡು ಕಣ್ಣುಗಳಲ್ಲೂ ಅದಿತ್ತು. ಚಳ್ಳಕೆರೆಯ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸೈಕಲ್ ತುಳಿದು ಟಪಾಲು ಹಂಚಿದವರು ಅವರು. ಆ ಸೀಮೆಯ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪೊರೆ ಕಪ್ಪುಗುಡ್ಡೆಯ ಮೇಲೆ ಏರಿದಾಗ ಅಜ್ಜಿ ದೃಷ್ಟಿ ತಗುಲಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಪ್ಪು ಕನ್ನಡಕ ಆ ಕಾಲಕ್ಕೆ ಸಿನಿಮಾ ನಟರ ಸೊತ್ತು. ಟಪಾಲಿನವನು ಹಾಕಿಕೊಂಡಿದ್ದರೆ ಊರೇ ನಕ್ಕುಬಿಡುತ್ತಿತ್ತು. ಕಡೆಗಾಲದಲ್ಲಿ ತಂದೆ ಕಾಗದವನ್ನು ಓರೆಯಾಗಿ ಹಿಡಿದು, ಕಣ್ಣಿನ ಅಂಚಿನಿಂದ ಓದುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಕನ್ನಡಕ ಬೇಕೋ ಬೇಡವೋ ಎಂಬುದು ನನಗೆ ಚರ್ಚೆಯ ವಿಷಯವಾಗಿರಲಿಲ್ಲ. ಯಾವ ಬೆಲೆಯದು ಎಂಬುದಷ್ಟೇ ಉಳಿದಿತ್ತು. ಅಂಗಡಿಯ ಹುಡುಗ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: "ಕಣ್ಣಿಗಿಂತ ದುಡ್ಡು ಹೆಚ್ಚಾ ಸಾರ್?" ಈ ವಾದಕ್ಕೆ ಎದುರಿಲ್ಲ. ಆದರೆ ಇದೇ ನ್ಯಾಯವನ್ನು ಹಿಡಿದರೆ ಎದೆಯ ಮೇಲೆ ಬಂಗಾರದ ತಗಡು ಹೊದ್ದು ತಿರುಗಬೇಕಾದೀತು. ಕಣ್ಣಿಗೆ ಬೆಲೆ ಕಟ್ಟಲಾಗದು, ನಿಜ, ಕನ್ನಡಕಕ್ಕೆ ಕಟ್ಟಬಹುದಲ್ಲ!

ಕಟ್ಟುವುದಾದರೆ ಮೊದಲು ತಿಳಿಯಬೇಕಾದದ್ದು, ಕಣ್ಣಿಗೆ ಹಾನಿ ಮಾಡುವ ಅತಿನೇರಳೆ ಕಿರಣಕ್ಕೂ ಕನ್ನಡಕದ ಕಪ್ಪಿಗೂ ಸಂಬಂಧವಿಲ್ಲವೆಂಬುದು. ಆ ಕಿರಣ ಕಣ್ಣಿಗೆ ಕಾಣುವಂಥದಲ್ಲ. ಅದರ ಅಲೆಯುದ್ದ ೪೦೦ ನ್ಯಾನೊಮೀಟರಿಗಿಂತ ಕಡಮೆ. ಅದನ್ನು ತಡೆಯುವುದು ಮಸೂರದ ಪದಾರ್ಥ ಅಥವಾ ಅದರ ಲೇಪ, ಬಣ್ಣವಲ್ಲ. ಬರಿಯ ಬಣ್ಣ ಬಳಿದ ಮಸೂರವಾದರೆ ಕತ್ತಲೆಗೆ ಕಣ್ಣಿನ ಪಾಪೆ ಅರಳುತ್ತದೆ, ಅರಳಿದ ಬಾಗಿಲಿನಿಂದ ಕಿರಣ ಇನ್ನಷ್ಟು ಒಳನುಗ್ಗುತ್ತದೆ. ಕಳ್ಳನಿಗೆ ಬಾಗಿಲು ತೆರೆದು ದೀಪ ಆರಿಸಿದ ಹಾಗೆ. ಇತ್ತ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು ತಿಳಿಯಾಗಿದ್ದರೂ ಈ ಕಿರಣವನ್ನು ಬಹುಮಟ್ಟಿಗೆ ತಾನೇ ತಡೆದುಬಿಡುತ್ತದೆ. ೧೯೫೩ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಹೆಚ್ಚುಕಡಮೆ ಅದೇ ಹೊತ್ತಿಗೆ ಅಮೆರಿಕದ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಹಿಡಿದರು. ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣದ ಗುಮ್ಮಟ ಇದರದೇ. ೧೮,೦೦೦ದ ಕನ್ನಡಕದ ಮಸೂರಕ್ಕೂ ಸಾಮಾನ್ಯವಾಗಿ ಇದೇ ಪದಾರ್ಥ. ನಮ್ಮ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ, ಕಬ್ಬಿಣ ಸಾಣೆ ಹಿಡಿಯುವವರಿಗೆಂದು ಮಾರುವ ೨೦೦ ರೂಪಾಯಿಯ ತಿಳಿ ಕನ್ನಡಕದಲ್ಲೂ ಇರುವುದು ಇದೇ.

ಕನ್ನಡಕದ ಅಂಗಡಿಗಳಲ್ಲಿ ಈ ಕಿರಣವನ್ನು ಅಳೆಯುವ ಪುಟ್ಟ ಯಂತ್ರವಿರುವುದುಂಟು. ಪರಿಚಯದ ಅಂಗಡಿಯಲ್ಲಿ ಎರಡು ಕನ್ನಡಕ ಒಯ್ದು ಇಡಿಸಿದೆ. ಫುಟ್‌ಪಾತಿನದು ಅನುತ್ತೀರ್ಣವಾಯಿತು, ಸಾಣೆಯವರ ಕನ್ನಡಕ ಸಲೀಸಾಗಿ ತೇರ್ಗಡೆಯಾಯಿತು.

ಎರಡನೆಯದು ಆಕಾರ. ಈ ಪೊರೆ ಬಹುಮಟ್ಟಿಗೆ ಮೂಗಿನ ಕಡೆಯಿಂದಲೇ ಏಕೆ ಹುಟ್ಟುತ್ತದೆಂದು ಡಾಕ್ಟರನ್ನು ಕೇಳಿದ್ದೆ. ಕೆನ್ನೆಯ ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕನ್ನು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ಬೂದುಗಾಜಿನಂತೆ ಬಾಗಿಸಿ, ಎದುರು ಅಂಚಿನಲ್ಲಿ, ಎಂದರೆ ಮೂಗಿನ ಬದಿಯಲ್ಲಿ, ಕೂಡಿಸುತ್ತದೆಯಂತೆ. ಎಂದಮೇಲೆ ಮುಂದೆ ಮಾತ್ರ ಮುಚ್ಚುವ ಚಪ್ಪಟೆ ಕನ್ನಡಕ ಎಷ್ಟು ಬೆಲೆಯದಾದರೇನು? ಪಕ್ಕಕ್ಕೂ ಬಾಗಿ ಕಣ್ಣನ್ನು ಅಪ್ಪಿಕೊಳ್ಳುವಂಥದು ಬೇಕು. ಗಾಳಿ ದೂಳುಗಳನ್ನೂ, ಸಂಜೆಯಾಗುತ್ತಲೇ ಕಣ್ಣಿಗೆ ಹಾರಿಬರುವ ಹುಳುಗಳನ್ನೂ ತಡೆಯುವುದು ಆ ಬಾಗೇ.

ಮೂರನೆಯದು ಕಪ್ಪಿನ ಪ್ರಮಾಣ. ಯುರೋಪಿನ ವರ್ಗೀಕರಣದಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಐದು ದರ್ಜೆಗಳು. ಮೂರನೆಯದು ಶೇಕಡಾ ೮ರಿಂದ ೧೮ರಷ್ಟು ಬೆಳಕನ್ನು ಮಾತ್ರ ಬಿಡುತ್ತದೆ. ಎರಡನೆಯದು ೧೮ರಿಂದ ೪೩ರಷ್ಟು. ಬಯಲ ಹೆದ್ದಾರಿಗೆ ಮೂರನೆಯದು ಸರಿ. ಆದರೆ ಸಾಲುಮರದ ನೆರಳು, ಮರುಗಳಿಗೆ ಬಿಸಿಲು, ಅದಾದಮೇಲೆ ಕೆಳಸೇತುವೆ, ಅದರ ಬಾಯಲ್ಲೇ ಒಂದು ಗುಂಡಿ, ಹೀಗಿರುವ ನಮ್ಮ ಊರಿನಲ್ಲಿ ಹೆಚ್ಚು ಕಪ್ಪು ಹೆಚ್ಚು ಅಪಾಯ. ಬೆಳಕಿಗೆ ತಕ್ಕಂತೆ ತಾನೇ ಬಣ್ಣ ಬದಲಿಸುವ ಮಸೂರವೂ ಉಂಟು. ಆದರೆ ಅದು ತಿಳಿಯಾಗುವ ಹೊತ್ತಿಗೆ ನಾವು ಸೇತುವೆಯನ್ನು ದಾಟಿರುತ್ತೇವೆ, ಇಲ್ಲವೆ ಗುಂಡಿಯಲ್ಲಿರುತ್ತೇವೆ.

ಹಾಗಾದರೆ ದುಬಾರಿ ಕನ್ನಡಕ ಬರಿಯ ಮೋಸವೆ? ಹಾಗೆನ್ನುವುದು ಅನ್ಯಾಯ. ಒಂದು ದಿನ ಗೆಳೆಯರೊಬ್ಬರದನ್ನು ಎರವಲು ಪಡೆದು ಹಾಕಿಕೊಂಡು ನೋಡಿದೆ. ತೂಕವೇ ತಿಳಿಯಲಿಲ್ಲ. ಬೆವರಿದರೆ ಜಾರುವ ಬದಲು ಇನ್ನಷ್ಟು ಗಟ್ಟಿಯಾಗಿ ಕೂತಿತು. ಅಂಚಿನಲ್ಲೂ ರಸ್ತೆ ವಕ್ರವಾಗಲಿಲ್ಲ. ಟಾರಿನ ಒರಟು, ಜಲ್ಲಿಯ ಬಿಡಿ ಕಲ್ಲು ಸ್ಪಷ್ಟವಾಗಿ ಕಂಡವು. ನಂದಿಬೆಟ್ಟದಿಂದ ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಇಳಿಯುವ ಹುಡುಗನಿಗೆ, ದಿನಕ್ಕೆ ಐದು ಗಂಟೆ ಜೀನಿನ ಮೇಲೆ ಕಳೆಯುವ ಪಂದ್ಯದವನಿಗೆ ಇದು ಬೆಡಗಲ್ಲ, ಹತಾರ.

ಉಳಿದ ಹಣ ಹೆಸರಿಗೆ. ಹಿಂದೆ ಫ್ರಾನ್ಸಿನ ಮಣ್ಣು ರಸ್ತೆಗಳಲ್ಲಿ ಪಂದ್ಯ ಓಡುತ್ತಿದ್ದವರು ದೂಳಿಗಾಗಿ ಮೋಟಾರಿನವರ ಗಾಗಲ್ಸ್ ಕಟ್ಟಿಕೊಳ್ಳುತ್ತಿದ್ದರು. ೧೯೭೫ರಲ್ಲಿ ಮೋಟಾರ್ ಸೈಕಲ್ಲಿನ ಹಿಡಿಕೆ ಮಾರುವುದರಿಂದ ಆರಂಭಿಸಿ, ತನ್ನ ನಾಯಿಯ ಹೆಸರನ್ನೇ ಕಂಪನಿಗೆ ಇಟ್ಟ ಅಮೆರಿಕದ ಜಿಮ್ ಜನಾರ್ಡ್ ೧೯೮೪ರಲ್ಲಿ ಸವಾರರಿಗೆಂದೇ ಕನ್ನಡಕ ಮಾಡಿದ. ಅದನ್ನು ಧರಿಸುತ್ತಿದ್ದ ಗ್ರೆಗ್ ಲೆಮಾಂಡ್ ೧೯೮೬ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಮೊದಲ ಅಮೆರಿಕನ್ ಆದ. ಅಂದಿನಿಂದ ಓಕ್ಲಿ ಎಂಬ ಆ ನಾಯಿಯ ಹೆಸರಿಗೆ ಬಂಗಾರದ ಬೆಲೆ. ೨೦೦೭ರಲ್ಲಿ ಇಟಲಿಯ ಲಕ್ಸಾಟಿಕಾ ಆ ಕಂಪನಿಯನ್ನೇ ಕೊಂಡಿತು. ರೇ ಬ್ಯಾನ್ ಅಷ್ಟರಲ್ಲಾಗಲೇ ಅದೇ ಮನೆ ಸೇರಿತ್ತು. ಅಂಗಡಿಯಲ್ಲಿ ಪೈಪೋಟಿಗೆ ನಿಂತಂತೆ ಕಾಣುವ ಹೆಸರುಗಳು ಅಡಿಗೆಮನೆಯಲ್ಲಿ ಒಂದೇ ಪಂಕ್ತಿಯವು.

ಅಂಗಡಿಯ ಹುಡುಗನ ಲೆಕ್ಕವನ್ನು ಮನೆಯಲ್ಲಿ ಒಪ್ಪಿಸಿದೆ: ಸಾವಿರ ದಿನ ಬಾಳಿದರೆ ದಿನಕ್ಕೆ ೧೮ ರೂಪಾಯಿ, ಒಂದು ಕಾಫಿಯ ದುಡ್ಡು. ನನ್ನಾಕೆ ಹುರುಳಿಕಾಯಿ ಬಿಡಿಸುತ್ತ ಕೇಳಿದಳು: "ಈ ಐದು ವರ್ಷದಲ್ಲಿ ನೀವು ಎಷ್ಟು ಕೊಡೆ ಕಳೆದಿದ್ದೀರಿ?" ನಾನು ಉತ್ತರಿಸಲಿಲ್ಲ. "ಆಫೀಸಿನ ಸೈಕಲ್ ಸ್ಟ್ಯಾಂಡಿನಲ್ಲಿ ಅದನ್ನು ಬಿಟ್ಟು ಮೇಲೆ ಹೋಗ್ತೀರಾ? ಮಳೆಯಲ್ಲಿ ಹಾಕ್ಕೋತೀರಾ? ಕಪಾಟಿನಲ್ಲಿಟ್ಟು ಭಾನುವಾರ ಮಾತ್ರ ತೆಗೀತೀರಿ."

ಅವಳ ಮಾತಿನಲ್ಲಿ ಇಡೀ ವಿಚಾರ ಅಡಗಿತ್ತು. ಕಣ್ಣನ್ನು ಕಾಯಲೆಂದು ತಂದ ಕನ್ನಡಕವನ್ನು ನಾವೇ ಕಾಯತೊಡಗುವಷ್ಟು ಬೆಲೆ ಯಾವುದೋ, ಅದು ನಮ್ಮ ಪಾಲಿಗೆ ಹೆಚ್ಚಿನ ಬೆಲೆ. ಕೆಲವರಿಗೆ ಆ ಗೆರೆ ೧೮,೦೦೦ಕ್ಕಿಂತ ಮೇಲಿದ್ದೀತು. ಅವರು ಸುಖವಾಗಿ ಕೊಳ್ಳಲಿ. ನನ್ನದು ಬಹಳ ಕೆಳಗಿದೆ. ಪಕ್ಕ ಮುಚ್ಚುವ, ಯಂತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದ, ಎರಡನೆಯ ದರ್ಜೆಯ ಕಂದುಬಣ್ಣದ್ದೊಂದನ್ನು ೧,೨೦೦ ರೂಪಾಯಿಗೆ ಕೊಂಡೆ. ಸಂಜೆಗೆ ಸಾಣೆಯವರ ತಿಳಿ ಕನ್ನಡಕವನ್ನೇ ಉಳಿಸಿಕೊಂಡೆ. ಉಳಿದ ಹಣದಲ್ಲಿ ಸ್ವಲ್ಪ ಸೈಕಲ್ಲಿನ ಬ್ರೇಕಿಗೆ ಹೋಯಿತು.

ಎಂಟು ತಿಂಗಳಾದಮೇಲೆ ಡಾಕ್ಟರು ಮತ್ತೆ ಅಳತೆ ತೆಗೆದರು. ರೆಕ್ಕೆ ಇದ್ದಲ್ಲೇ ಇದೆ. ಅವರು ಕನ್ನಡಕವನ್ನು ಕೈಗೆ ತೆಗೆದುಕೊಂಡು ಪಕ್ಕದ ಬಾಗನ್ನು ನೋಡಿದರು. ಕಂಪನಿ ಯಾವುದೆಂದಾಗಲಿ ಬೆಲೆ ಎಷ್ಟೆಂದಾಗಲಿ ಕೇಳಲಿಲ್ಲ. "ದಿನಾ ಹಾಕಿಕೊಳ್ಳುತ್ತೀರಾ?" ಎಂದರು, ಅಷ್ಟೆ.